ಮಳೆಗಾಲದಲ್ಲಿ ಒಂದೇ ಸೂರು: ನಾಯಿ, ಬೆಕ್ಕು, ಕೋಳಿಗಳನ್ನು ಹೊಂದಿಸುವುದು ಹೇಗೆ?

ಕೊಡಗಿನ ತೋಟದ ಮನೆಗಳಲ್ಲಿ ಬೇಸಿಗೆಯಿಡೀ ಸಾಕುಪ್ರಾಣಿಗಳಿಗೆ ಜಾಗದ ಕೊರತೆ ಇಲ್ಲ. ನಾಯಿ ಅಂಗಳದಲ್ಲಿರುತ್ತದೆ. ಬೆಕ್ಕು ಅಟ್ಟದಲ್ಲೋ ಬಚ್ಚಲೊಲೆಯ ಪಕ್ಕದಲ್ಲೋ ಮಲಗಿರುತ್ತದೆ. ಕೋಳಿಗಳು ಕಾಫಿ ಗಿಡದ ಬುಡ ಕೆದಕುತ್ತ ದಿನ ಕಳೆಯುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಅಂಗಳವೆಲ್ಲ ಕೆಸರು, ತೋಟದ ತುಂಬ ಜಿಗಣೆ. ರಾತ್ರಿ ನಾಯಿಯನ್ನು ಹೊರಗೆ ಬಿಟ್ಟರೆ ಚಿರತೆಯ ಭಯ ಬೇರೆ. ಆಗ ಎಲ್ಲವೂ ಜಗಲಿಗೆ, ಅಡುಗೆಮನೆಯ ಹಿಂದಿನ ಕೋಣೆಗೆ ಬಂದು ಸೇರುತ್ತವೆ. ದೂರ ಇದ್ದಾಗ ಕಾಣಿಸದ ಜಗಳ ಆಗ ಶುರುವಾಗುತ್ತದೆ.

ಇದರ ಜೊತೆಗೆ ಹೊಸ ಪ್ರಾಣಿಗಳೂ ಬರುತ್ತವೆ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಬೆಳೆದ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಮಕ್ಕಳು ಊರಿಗೆ ಬಂದು, ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತ ತಿಂಗಳುಗಟ್ಟಲೆ ಉಳಿಯುವುದು ಈಗ ಹೊಸದಲ್ಲ. ಗುಡ್ಡ ಕುಸಿಯುವ ಭಯವಿರುವ ಕಡೆ, 2018ರ ಆಗಸ್ಟ್‌ನಲ್ಲಿ ಆದಂತೆ, ಮನೆಮಂದಿಯೆಲ್ಲ ರಾತ್ರೋರಾತ್ರಿ ನೆಂಟರ ಮನೆ ಸೇರಬೇಕಾಗಿ ಬರಬಹುದು. ಜೊತೆಗೆ ಬಂದ ನಾಯಿ ಆ ಮನೆಯ ನಾಯಿಗೆ ಅಪರಿಚಿತ.

‘ಎರಡು ದಿನ ಕಚ್ಚಾಡಿಕೊಂಡು ತಾವೇ ಸರಿಹೋಗುತ್ತವೆ, ಬಿಡಿ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಈ ಮಾತು ನಂಬಿ ನಾಯಿಯ ಕಣ್ಣನ್ನೋ ಬೆಕ್ಕಿನ ಪ್ರಾಣವನ್ನೋ ಕಳೆದುಕೊಂಡ ಮನೆಗಳೂ ಇವೆ. ಎರಡು ಪ್ರಾಣಿಗಳ ಮೊದಲ ಕೆಲವು ಭೇಟಿಗಳು ಹೇಗೆ ನಡೆಯುತ್ತವೆ ಎಂಬುದು ಮುಂದಿನ ವರ್ಷಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆ ಭೇಟಿಗಳು ನಮ್ಮ ಕೈಯಲ್ಲೇ ಇರುತ್ತವೆ.

ಎಷ್ಟು ಹೊಂದಿಕೊಂಡರೆ ಸಾಕು?

ನಾಯಿಯ ಹೊಟ್ಟೆಯ ಮೇಲೆ ಬೆಕ್ಕು ನಿದ್ದೆ ಮಾಡುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ನಮ್ಮ ಮನೆಯಲ್ಲೂ ಹಾಗೇ ಆಗಬೇಕೆಂದು ಬಯಸುವುದು ಸಹಜ. ಕೆಲವು ಜೋಡಿಗಳು ಆ ಮಟ್ಟ ಮುಟ್ಟುತ್ತವೆ, ಹೆಚ್ಚಿನವು ಮುಟ್ಟುವುದಿಲ್ಲ. ಒಂದು ಮಲಗಿರುವಾಗ ಇನ್ನೊಂದು ಪಕ್ಕದಲ್ಲೇ ನಡೆದುಹೋದರೂ ಮಲಗಿದ್ದು ತಲೆ ಎತ್ತಿ ನೋಡಿ ಮತ್ತೆ ಕಣ್ಣು ಮುಚ್ಚಿದರೆ ಅದೇ ಗೆಲುವು. ಪರಸ್ಪರ ಲೆಕ್ಕಕ್ಕಿಡದೆ ಇರುವುದನ್ನು ಕಲಿಸುವುದು ಸ್ನೇಹ ಕಲಿಸುವುದಕ್ಕಿಂತ ಸುಲಭ. ನನ್ನ ಪ್ರಕಾರ ಅದೇ ಹೆಚ್ಚು ಸುರಕ್ಷಿತ ಕೂಡ.

ಇದಕ್ಕೆ ಕಾರಣ ಪ್ರಾಣಿಗಳ ಹುಟ್ಟುಗುಣದಲ್ಲೇ ಇದೆ. ನಾಯಿ ಗುಂಪಿನಲ್ಲಿ ಬಾಳಿದ ಪ್ರಾಣಿಗಳ ವಂಶದ್ದು, ಜೊತೆ ಹುಡುಕುತ್ತದೆ. ಸಾಕುಬೆಕ್ಕಿನ ಮೂಲ ಆಫ್ರಿಕದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುತ್ತದೆ. ಬೆಕ್ಕಿಗೆ ಜೊತೆಗಾರರಿಗಿಂತ ತನ್ನದೆಂಬ ಜಾಗ ಮುಖ್ಯ. ಕೋಳಿ, ಮೊಲಗಳು ಬೇರೆ ಪ್ರಾಣಿಗಳಿಗೆ ಆಹಾರವಾಗುವ ಭಯದಲ್ಲೇ ಬದುಕಿ ಬಂದವು. ಅವಕ್ಕೆ ತಪ್ಪಿಸಿಕೊಳ್ಳುವ ದಾರಿ ಕಾಣುತ್ತಿದ್ದರಷ್ಟೇ ನೆಮ್ಮದಿ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ನಾಯಿಮರಿಗೆ ಸುಮಾರು 3ರಿಂದ 14 ವಾರ, ಬೆಕ್ಕಿನ ಮರಿಗೆ ಸುಮಾರು 2ರಿಂದ 7 ವಾರ: ಈ ಅವಧಿಯಲ್ಲಿ ಭಯವಿಲ್ಲದೆ ಕಂಡ ಜೀವಿಗಳನ್ನು ಅವು ತಮ್ಮ ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತವೆ. ಬೆಕ್ಕಿರುವ ಮನೆಯಲ್ಲಿ ಹುಟ್ಟಿದ ನಾಯಿಮರಿಯನ್ನು ತಂದರೆ ಅರ್ಧ ಕೆಲಸ ಮುಗಿದಂತೆ. ಬೆಳೆದ ಪ್ರಾಣಿಗಳೂ ಕಲಿಯುತ್ತವೆ, ನಿಧಾನವಾಗಿ.

ಓಡಿದರೆ ಅಟ್ಟುವುದೇಕೆ?

ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವುದು ಸಾಮಾನ್ಯವಾಗಿ ದ್ವೇಷದಿಂದಲ್ಲ. ಬೇಟೆಯಾಡುವ ಪ್ರಾಣಿಗಳಲ್ಲಿ ಒಂದರ ಹಿಂದೆ ಒಂದು ಬರುವ ನಡವಳಿಕೆಯ ಸರಪಳಿಯಿದೆ: ಗಮನಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯ ತನಗೆ ಬೇಕಾದಂತೆ ತಳಿಗಳನ್ನು ಬೆಳೆಸುವಾಗ ಈ ಸರಪಳಿಯ ಕೆಲವು ಕೊಂಡಿಗಳನ್ನು ಗಟ್ಟಿಮಾಡಿದ, ಕೆಲವನ್ನು ಸಡಿಲಿಸಿದ. ಲ್ಯಾಬ್ರಡಾರ್ ಓಡಿಹೋಗಿ ಎತ್ತಿ ತರುತ್ತದೆ, ಆದರೆ ಮೆತ್ತಗೆ ಹಿಡಿಯುತ್ತದೆ. ಮುಧೋಳ ಕಣ್ಣಿಗೆ ಬಿದ್ದದ್ದನ್ನು ಗಾಳಿಯ ವೇಗದಲ್ಲಿ ಅಟ್ಟುತ್ತದೆ. ಕೊಡಗಿನಲ್ಲಿ ಹಿಂದೆ ಕಾಡುಹಂದಿ ಬೇಟೆಗೆ ನಾಯಿಗಳನ್ನು ಕರೆದೊಯ್ಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿದ್ದಿತು. ನಾಯಿಯ ಅಟ್ಟುವ ಗುಣಕ್ಕೆ ಯಾವ ಕಾಯ್ದೆಯೂ ತಟ್ಟಲಿಲ್ಲ.

ಗಮನಿಸಬೇಕಾದ ವಿಷಯ ಇಷ್ಟು: ನಾಯಿಗೆ ಅಟ್ಟುವುದೇ ಒಂದು ಸುಖ. ಬೆಕ್ಕು ಸಿಗಲಿ ಬಿಡಲಿ, ಓಡಿದ್ದಕ್ಕೇ ಬಹುಮಾನ ಸಿಕ್ಕಿಹೋಯಿತು. ಪ್ರತಿ ಸಲ ಅಟ್ಟಿದಾಗಲೂ ಆ ಅಭ್ಯಾಸ ಇನ್ನಷ್ಟು ಬಲಿಯುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಅಟ್ಟಲು ಅವಕಾಶ ಸಿಗದಂತೆ ನೋಡಿಕೊಳ್ಳುವುದು ಉಳಿದೆಲ್ಲಕ್ಕಿಂತ ಮುಖ್ಯ.

ಮೈಯ ಭಾಷೆಯೂ ಎರಡಕ್ಕೆ ಬೇರೆಬೇರೆ. ನಾಯಿ ಸಡಿಲವಾಗಿ ಬಾಲ ಬೀಸಿದರೆ ಖುಷಿ. ಬೆಕ್ಕು ಬಾಲವನ್ನು ಆ ಕಡೆ ಈ ಕಡೆ ಬಡಿದರೆ ಸಿಟ್ಟು. ಆಟಕ್ಕೆ ಕರೆಯಲು ನಾಯಿ ಮುಂಗಾಲು ಚಾಚಿ ಮೈ ಬಗ್ಗಿಸುತ್ತದೆ. ಬೆಕ್ಕಿಗೆ ಅದು ಮೇಲೆರಗುವ ಸಿದ್ಧತೆಯಾಗಿ ಕಾಣುತ್ತದೆ. ಬೆಕ್ಕು ಅಂಗಾತ ಬಿದ್ದು ನಾಲ್ಕೂ ಕಾಲಿನ ಉಗುರು ತೆಗೆದರೆ ನಾಯಿ ಶರಣಾಯಿತೆಂದು ತಿಳಿದು ಮೂಗು ಒಡ್ಡುತ್ತದೆ, ಪೆಟ್ಟು ತಿನ್ನುತ್ತದೆ.

ಬೊಗಳುವ ನಾಯಿಗಿಂತ ಸದ್ದಿಲ್ಲದ ನಾಯಿಯ ಮೇಲೆ ಹೆಚ್ಚು ಕಣ್ಣಿಡಿ. ಬಾಯಿ ಮುಚ್ಚಿ, ಮೈ ಬಿಗಿದು, ಕಿವಿ ಮುಂದಕ್ಕೆ ಮಾಡಿ, ರೆಪ್ಪೆ ಮಿಟುಕಿಸದೆ ನೋಡುತ್ತಿದೆ ಎಂದರೆ ಅದು ಸರಪಳಿಯ ಎರಡನೆಯ ಕೊಂಡಿಯಲ್ಲಿದೆ. ಬೆಕ್ಕಿನಲ್ಲಿ ನೋಡಬೇಕಾದದ್ದು ಪಕ್ಕಕ್ಕೆ ಚಪ್ಪಟೆಯಾದ ಕಿವಿ ಮತ್ತು ಅಗಲವಾದ ಕಣ್ಣಪಾಪೆ.

ಮೊದಲ ಪರಿಚಯ ಮೂಗಿಗೆ

ಹೊಸದಾಗಿ ಬಂದ ಪ್ರಾಣಿಗೆ ಮೊದಲು ಬಾಗಿಲು ಹಾಕಿದ ಒಂದು ಕೋಣೆ ಕೊಡಿ. ಊಟ, ನೀರು, ಹಾಸಿಗೆ, ಬೆಕ್ಕಾದರೆ ಮರಳಿನ ಟ್ರೇ ಎಲ್ಲ ಅಲ್ಲೇ ಇರಲಿ. ಎಲ್ಲಿಂದ ಬಂತು, ಲಸಿಕೆ ಆಗಿದೆಯೇ ಎಂಬುದು ಗೊತ್ತಿಲ್ಲದಿದ್ದರೆ ಸುಮಾರು ಎರಡು ವಾರ ಹಾಗೇ ಇಡುವುದು ಒಳ್ಳೆಯದು. ನಾಯಿಗಳಲ್ಲಿ ಪಾರ್ವೊ, ಬೆಕ್ಕುಗಳಲ್ಲಿ ಪ್ಯಾನ್‌ಲ್ಯೂಕೋಪೇನಿಯ ಎಂಬ ವೈರಸ್ ರೋಗಗಳು ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲವು. ಈ ಹೊತ್ತಿನಲ್ಲಿ ಪಶುವೈದ್ಯರಿಗೆ ತೋರಿಸಿ, ಹುಳದ ಔಷಧಿ ಕೊಡಿಸಿ, ಮೂರು ತಿಂಗಳು ತುಂಬಿದ್ದರೆ ರೇಬಿಸ್ ಲಸಿಕೆ ಹಾಕಿಸಿಬಿಡಿ.

ಬಾಗಿಲು ಮುಚ್ಚಿದ್ದರೂ ಪರಿಚಯದ ಕೆಲಸ ನಡೆಯುತ್ತಿರುತ್ತದೆ. ಪ್ರಾಣಿಗಳಿಗೆ ಒಬ್ಬರು ಯಾರೆಂದು ಹೇಳುವುದು ವಾಸನೆ. ಬೆಕ್ಕು ಕೆನ್ನೆಯನ್ನು ಬಾಗಿಲಿಗೆ, ನಮ್ಮ ಕಾಲಿಗೆ ಉಜ್ಜುವುದನ್ನು ನೋಡಿರುತ್ತೀರಿ. ಅಲ್ಲಿನ ಗ್ರಂಥಿಗಳ ವಾಸನೆ ಬಿಟ್ಟು ‘ಇದು ನನ್ನ ಜಾಗ’ ಎಂದು ತನಗೆ ತಾನೇ ಧೈರ್ಯ ತಂದುಕೊಳ್ಳುವ ಬಗೆ ಅದು. ಒಂದು ಹಳೆಯ ಬಟ್ಟೆಯಿಂದ ಬೆಕ್ಕಿನ ಕೆನ್ನೆ ಒರೆಸಿ ನಾಯಿಯ ಊಟದ ತಟ್ಟೆಯ ಬಳಿ ಇಡಿ. ನಾಯಿಯ ಮೈ ಒರೆಸಿದ ಬಟ್ಟೆಯನ್ನು ಬೆಕ್ಕಿನ ಕೋಣೆಯಲ್ಲಿಡಿ. ಬಟ್ಟೆ ಮೂಸಿ ತಲೆಕೆಡಿಸಿಕೊಳ್ಳದೆ ಊಟ ಮುಂದುವರಿಸುವವರೆಗೆ ದಿನವೂ ಹೀಗೆ ಮಾಡಬೇಕು. ಆಮೇಲೆ ಬಾಗಿಲಿನ ಎರಡು ಬದಿಯಲ್ಲಿ ಎರಡಕ್ಕೂ ಊಟ ಹಾಕಿ, ತಟ್ಟೆಗಳನ್ನು ದಿನದಿನಕ್ಕೆ ಬಾಗಿಲಿನ ಹತ್ತಿರಕ್ಕೆ ತನ್ನಿ. ನಡುವೆ ಕೆಲವು ಹೊತ್ತು ಜಾಗ ಅದಲು ಬದಲು ಮಾಡಿ: ನಾಯಿ ಹೊರಗೆ ಸುತ್ತಾಡಲು ಹೋದಾಗ ಬೆಕ್ಕು ಮನೆಯೆಲ್ಲ ನೋಡಿಕೊಳ್ಳಲಿ.

ಎಷ್ಟು ದೂರದಿಂದ ತೋರಿಸಬೇಕು?

ಕಣ್ಣಿನ ಪರಿಚಯ ಶುರುವಾಗುವ ಈ ಹಂತದಲ್ಲೇ ಹೆಚ್ಚಿನವರು ಅವಸರ ಮಾಡುವುದು. ಆನೆಯ ವಿಷಯದಲ್ಲಿ ನಮಗೇ ಏನಾಗುತ್ತದೆ ನೆನೆಸಿಕೊಳ್ಳಿ. ಎದುರು ಗುಡ್ಡದ ಅಂಚಿನಲ್ಲಿ ಆನೆ ಕಂಡರೆ ಕಾಫಿ ಹೀರುತ್ತಲೇ ನೋಡುತ್ತೇವೆ, ಪಕ್ಕದವರ ಜೊತೆ ಮಾತಾಡುತ್ತೇವೆ. ಅದೇ ಆನೆ ಕಾಫಿ ಕಣಕ್ಕೆ ಬಂತೆಂದರೆ ಯಾರು ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ. ಆನೆ ಬದಲಾಗಲಿಲ್ಲ, ದೂರ ಬದಲಾಯಿತು. ನಾಯಿಗೂ ಬೆಕ್ಕಿಗೂ ನಡುವೆ ಇಂಥದೊಂದು ಗೆರೆ ಇರುತ್ತದೆ. ಗೆರೆಯ ಆಚೆ, ದೂರದಲ್ಲಿದ್ದಾಗ ನಾಯಿ ಬೆಕ್ಕನ್ನು ನೋಡುತ್ತದೆ, ಹೆಸರು ಕರೆದರೆ ತಿರುಗುತ್ತದೆ, ಕೊಟ್ಟ ತಿಂಡಿ ತಿನ್ನುತ್ತದೆ. ಗೆರೆ ದಾಟಿ ಹತ್ತಿರ ಬಂದರೆ ಇದೊಂದೂ ಆಗದು. ಕಲಿಕೆ ನಡೆಯುವುದು ಗೆರೆಯ ಆಚೆ ಮಾತ್ರ.

ಹಾಗಾಗಿ ನಾಯಿಗೆ ಬೆಲ್ಟ್ ಹಾಕಿ, ಹಗ್ಗ ಕೈಯಲ್ಲಿ ಹಿಡಿದು, ಜಗಲಿಯ ಒಂದು ಕೊನೆಯಲ್ಲಿ ಕೂರಿಸಿ. ಬೆಕ್ಕು ಇನ್ನೊಂದು ಕೊನೆಯಲ್ಲಿ, ಹಿಂದಕ್ಕೆ ಹೋಗಲು ತೆರೆದ ಬಾಗಿಲಿರುವ ಕಡೆ ಇರಲಿ. ಬೆಕ್ಕು ಕಂಡ ಕೂಡಲೇ ನಾಯಿಯ ಬಾಯಿಗೆ ಬೇಯಿಸಿದ ಕೋಳಿಯ ಸಣ್ಣ ತುಣುಕು. ಬೆಕ್ಕು ಕಾಣುತ್ತಿರುವಷ್ಟು ಹೊತ್ತೂ ತುಣುಕುಗಳು ಬರುತ್ತಲೇ ಇರಲಿ. ಬೆಕ್ಕು ಮರೆಯಾದರೆ ತಿಂಡಿಯೂ ನಿಲ್ಲಲಿ. ಇಲ್ಲಿ ಅನುಕ್ರಮ ಮುಖ್ಯ: ಮೊದಲು ಬೆಕ್ಕು, ಆಮೇಲೆ ತಿಂಡಿ. ರಷ್ಯಾದ ಇವಾನ್ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ತೋರಿಸಿದ್ದು ಇದನ್ನೇ. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಸದ್ದು ಕೇಳಿಸಿದರೆ ಕೆಲವು ದಿನಗಳಲ್ಲಿ ಬರಿಯ ಸದ್ದಿಗೇ ನಾಯಿಗೆ ಜೊಲ್ಲು ಬರುತ್ತದೆ. ನಮ್ಮ ಜಗಲಿಯಲ್ಲಿ ಆ ಸದ್ದಿನ ಜಾಗದಲ್ಲಿ ಬೆಕ್ಕಿದೆ. ಬೆಕ್ಕು ಕಂಡರೆ ನಾಯಿ ಅದರತ್ತ ನುಗ್ಗುವ ಬದಲು ನಿಮ್ಮ ಮುಖ ನೋಡತೊಡಗಿದ ದಿನ ಒಂದೆರಡು ಹೆಜ್ಜೆ ಹತ್ತಿರ ಹೋಗಬಹುದು.

ಒಂದು ಸಲಕ್ಕೆ ಐದು ನಿಮಿಷ ಸಾಕು, ಬೇಕಾದರೆ ದಿನಕ್ಕೆ ಎರಡು ಮೂರು ಸಲ ಮಾಡಿ. ಬೆಕ್ಕನ್ನು ಎತ್ತಿಕೊಂಡು ನಾಯಿಯ ಮೂತಿಯ ಹತ್ತಿರ ಹಿಡಿದು ‘ನೋಡು, ನಿನ್ನ ಫ್ರೆಂಡು’ ಎನ್ನುವುದು ಮಾತ್ರ ಬೇಡವೇ ಬೇಡ. ಹಿಡಿದಿಟ್ಟ ಬೆಕ್ಕಿಗೆ ಓಡುವ ದಾರಿ ಮುಚ್ಚಿಹೋಗಿರುತ್ತದೆ; ಅದು ನಿಮ್ಮ ಮುಖವನ್ನೇ ಹತ್ತಿ ಹೋಗುತ್ತದೆ.

ಬೆಕ್ಕನ್ನು ಕಂಡು ಗುರುಗುಟ್ಟಿದ ನಾಯಿಗೆ ಏಟು ಕೊಟ್ಟರೆ? ಜೊತೆಜೊತೆಗೆ ಬಂದದ್ದನ್ನು ಜೋಡಿಸಿ ನೆನಪಿಟ್ಟುಕೊಳ್ಳುವ ಅದೇ ನಿಯಮ ಇಲ್ಲೂ ನಡೆಯುತ್ತದೆ. ಬೆಕ್ಕು ಬಂದಾಗಲೆಲ್ಲ ಏಟು ಬೀಳುತ್ತದೆ ಎಂದು ಅದು ಕಲಿಯುತ್ತದೆ, ಬೆಕ್ಕನ್ನು ಇನ್ನಷ್ಟು ಕೆಟ್ಟದಾಗಿ ಕಾಣುತ್ತದೆ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ಸಿಗುತ್ತದೆ. ಗದರುವ ಬದಲು ದೂರ ಹೆಚ್ಚಿಸಿ.

ಮನೆಯೊಳಗೆ ಜಾಗ ಹಂಚುವುದು

ಹಳೆಯ ಮನೆಗಳ ಅಟ್ಟ, ತೊಲೆಗಳು ಬೆಕ್ಕಿಗೆ ತಾವಾಗಿಯೇ ಆಶ್ರಯ. ಎತ್ತರದಲ್ಲಿ ಕೂತು ಕೆಳಗಿನದನ್ನೆಲ್ಲ ನೋಡುವ ಬೆಕ್ಕಿಗೆ ಓಡುವ ಅಗತ್ಯ ಬರುವುದಿಲ್ಲ. ಬೆಕ್ಕು ಓಡದಿದ್ದರೆ ನಾಯಿ ಅಟ್ಟುವುದಿಲ್ಲ. ಹೊಸ ಆರ್‌ಸಿಸಿ ಮನೆಗಳಲ್ಲಿ ಈ ಎತ್ತರ ಸಿಗದು. ಗೋಡೆಗೆ ಒಂದು ಗಟ್ಟಿ ಹಲಗೆ ಹೊಡೆಸಿ, ಅದಕ್ಕೆ ಹತ್ತಲು ಒಂದು ಸ್ಟೂಲು ಇಟ್ಟರೂ ಸಾಕು. ಬೆಕ್ಕು ನುಸುಳಬಲ್ಲ, ನಾಯಿ ನುಸುಳಲಾರದ ಒಂದು ಗೇಟು ಯಾವುದಾದರೂ ಕೋಣೆಯ ಬಾಗಿಲಿಗಿದ್ದರೆ ಇನ್ನೂ ಒಳ್ಳೆಯದು.

ಜಗಳದ ದೊಡ್ಡ ಕಾರಣ ತಟ್ಟೆ. ಒಂದೇ ಪಾತ್ರೆಯಲ್ಲಿ ಎರಡಕ್ಕೂ ಹಾಕಬೇಡಿ, ಒಂದೇ ಕೋಣೆಯಲ್ಲೂ ಬೇಡ. ಬೆಕ್ಕಿನ ತಟ್ಟೆ ಎತ್ತರದಲ್ಲಿರಲಿ. ನಾಯಿಯ ಆಹಾರವನ್ನೇ ಬೆಕ್ಕಿಗೂ ಹಾಕಿ ವರ್ಷಗಟ್ಟಲೆ ಸಾಕುವುದೂ ತಪ್ಪು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಮಾಂಸ, ಮೀನಿನಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಪಂದಿ ಕರಿ ಮಾಡಿದ ದಿನ ಮಿಕ್ಕ ಮಸಾಲೆಯನ್ನು ಅನ್ನಕ್ಕೆ ಕಲಸಿ ಹಾಕುವ ರೂಢಿಯಿದೆ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಗೂ ವಿಷ, ಬೆಕ್ಕಿಗೆ ಇನ್ನೂ ಹೆಚ್ಚು. ಮಾಂಸದ ತುಣುಕನ್ನು ಮಸಾಲೆ ಹಾಕುವ ಮೊದಲೇ ತೆಗೆದು ಬೇರೆ ಬೇಯಿಸಿ.

ಮಳೆಯಲ್ಲಿ ಹೊರಗೆ ಹೋಗದ ಬೆಕ್ಕಿಗೆ ಮರಳಿನ ಟ್ರೇ ಬೇಕು. ಎಷ್ಟು ಬೆಕ್ಕುಗಳಿವೆಯೋ ಅದಕ್ಕಿಂತ ಒಂದು ಹೆಚ್ಚು ಇಡಬೇಕೆಂಬುದು ಪಶುವೈದ್ಯರು ಹೇಳುವ ಲೆಕ್ಕ. ಮೂಲೆಯಲ್ಲಿಟ್ಟರೆ ನಾಯಿ ಅಡ್ಡ ನಿಂತಾಗ ಬೆಕ್ಕಿಗೆ ದಾರಿಯಿಲ್ಲ. ಎರಡು ಕಡೆಯಿಂದಲೂ ಹೊರಬರಬಹುದಾದ ಜಾಗ ನೋಡಿ.

ಒಂದೇ ಜಾತಿಯ ಎರಡಿದ್ದರೆ

ಎರಡು ನಾಯಿಗಳ ಮೊದಲ ಭೇಟಿ ಮನೆಯ ಗೇಟಿನಲ್ಲಿ ಬೇಡ, ಹಳೆಯ ನಾಯಿಗೆ ಅದು ತನ್ನ ಗಡಿ. ತೋಟದಾಚೆಯ ರಸ್ತೆಯಲ್ಲಿ ಇಬ್ಬರು ಒಂದೊಂದು ನಾಯಿ ಹಿಡಿದು, ನಡುವೆ ಅಂತರ ಬಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ. ನಡೆಯುತ್ತ ಅಂತರ ಕಡಿಮೆಮಾಡಿ, ಒಟ್ಟಿಗೇ ಮನೆಗೆ ಬನ್ನಿ.

ವರ್ಷಗಳಿಂದ ಜೊತೆಗಿದ್ದ ಎರಡು ಬೆಕ್ಕುಗಳು ಒಂದು ದಿನ ಇದ್ದಕ್ಕಿದ್ದಂತೆ ಕಾದಾಡಬಹುದು. ಒಂದನ್ನು ಆಸ್ಪತ್ರೆಗೆ ಒಯ್ದು ತಂದಾಗ ಹೀಗಾಗುವುದು ಹೆಚ್ಚು: ಅದರ ಮೈಗೆ ಔಷಧಿಯ ವಾಸನೆ ಹತ್ತಿ ಮನೆಯ ವಾಸನೆ ಮರೆಯಾಗಿರುತ್ತದೆ, ಇನ್ನೊಂದಕ್ಕೆ ಗುರುತು ಸಿಗುವುದಿಲ್ಲ. ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಮನೆಯ ಬಟ್ಟೆಯಲ್ಲಿ ಮಲಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಂಡು ಬೆಕ್ಕುಗಳ ಜಗಳಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯಷ್ಟು ಒಳ್ಳೆಯ ಪರಿಹಾರ ಇನ್ನೊಂದಿಲ್ಲ.

ಕೋಳಿ, ಮೊಲ, ಪಂಜರದ ಹಕ್ಕಿ

ತೋಟದ ಮನೆಗಳಲ್ಲಿ ನಾಯಿಯನ್ನು ಹಗಲು ಸರಪಳಿಯಲ್ಲಿ ಕಟ್ಟಿ ಸಂಜೆ ಬಿಡುವುದು ವಾಡಿಕೆ. ಕಟ್ಟಿದ ನಾಯಿಯ ಮುಂದೆ, ಸರಪಳಿ ಎಟುಕದಷ್ಟೇ ದೂರದಲ್ಲಿ, ಕೋಳಿಗಳು ದಿನವಿಡೀ ಓಡಾಡುತ್ತವೆ. ನೋಡು, ಎಳೆ, ಸಿಗದೆ ಕುದಿ: ಇದೇ ಅದರ ದಿನಚರಿ. ಸಂಜೆ ಸರಪಳಿ ಬಿಚ್ಚಿದಾಗ ಕೋಳಿಯೊಂದು ಗೂಡು ಸೇರದೆ ಉಳಿದಿದ್ದರೆ ಮುಂದಾಗುವುದಕ್ಕೆ ನಾಯಿಯನ್ನು ದೂರುವುದು ನ್ಯಾಯವಲ್ಲ. ಕಟ್ಟುವ ಜಾಗದಿಂದ ಕೋಳಿ ಕಾಣದಂತೆ ಮಾಡುವುದು, ಬಿಚ್ಚುವ ಮುಂಚೆ ಗೂಡಿನ ಬಾಗಿಲು ಹಾಕುವುದು, ಇಷ್ಟರಿಂದಲೇ ಎಷ್ಟೋ ಕೋಳಿಗಳು ಉಳಿಯುತ್ತವೆ.

ಕೋಳಿ ಕೊಂದ ನಾಯಿಯ ಕೊರಳಿಗೆ ಸತ್ತ ಕೋಳಿಯನ್ನೇ ಕಟ್ಟುವ ಹಳೆಯ ಉಪಾಯವೊಂದಿದೆ. ಅದರಿಂದ ಪ್ರಯೋಜನವಿಲ್ಲ. ನಾಯಿ ಒಂದು ಕೆಲಸವನ್ನೂ ಅದರ ಫಲವನ್ನೂ ಜೋಡಿಸುವುದು ಕೆಲವೇ ಸೆಕೆಂಡುಗಳ ಒಳಗೆ. ಗಂಟೆಗಳ ನಂತರ ಕೊರಳಲ್ಲಿ ಕೊಳೆಯುವ ಕೋಳಿ ಅದಕ್ಕೆ ಏನನ್ನೂ ಕಲಿಸುವುದಿಲ್ಲ. ಕಲಿಸುವುದಾದರೆ ಬೆಕ್ಕಿಗೆ ಹೇಳಿದ ದಾರಿಯೇ ಕೋಳಿಗೂ: ಹಗ್ಗ, ದೂರ, ತಿಂಡಿ. ಮರಿಯಿಂದಲೇ ಕೋಳಿಗಳ ನಡುವೆ ಬೆಳೆದ ನಾಯಿ ಕೂಡ ಆರು ತಿಂಗಳು ದಾಟಿದ ಮೇಲೆ, ಹರೆಯದ ಹುಮ್ಮಸ್ಸಿನಲ್ಲಿ, ಮತ್ತೆ ಅಟ್ಟಲು ತೊಡಗಬಹುದು. ಆ ಕಾಲದಲ್ಲಿ ಮತ್ತೆ ಹಗ್ಗ ಹಿಡಿಯಬೇಕು. ಬೆಳೆದ ಕೋಳಿಯ ತಂಟೆಗೆ ಬೆಕ್ಕು ಸಾಮಾನ್ಯವಾಗಿ ಹೋಗುವುದಿಲ್ಲ, ಮರಿಗಳನ್ನು ಮಾತ್ರ ಬಿಡುವುದಿಲ್ಲ. ಮರಿಗಳಿಗೆ ಸಣ್ಣ ಕಣ್ಣಿನ ಜಾಲರಿಯ ಗೂಡೇ ಗತಿ.

ಮೊಲ ಹೆದರಿದರೆ ಕಿರುಚುವುದು ಅಪರೂಪ, ಅಲ್ಲಾಡದೆ ಕೂತುಬಿಡುತ್ತದೆ. ನೋಡಿದವರು ಅದು ಶಾಂತವಾಗಿದೆ ಎಂದುಕೊಳ್ಳುತ್ತಾರೆ. ಆ ಭಯದಲ್ಲಿ ಮೊಲದ ಕರುಳಿನ ಚಲನೆಯೇ ನಿಂತುಹೋಗಬಹುದು. ಅರ್ಧ ದಿನ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತಡಮಾಡದೆ ವೈದ್ಯರ ಬಳಿ ಒಯ್ಯಬೇಕು. ಲವ್ ಬರ್ಡ್ಸ್‌ನಂಥ ಪಂಜರದ ಹಕ್ಕಿಗೆ ಬೆಕ್ಕಿನ ಹಲ್ಲು ತಾಗಿದರೆ ಗಾಯ ಕಾಣದಿದ್ದರೂ ಅದೇ ದಿನ ಚಿಕಿತ್ಸೆ ಬೇಕು. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿ ಬೇಗ ಕೊಲ್ಲುತ್ತದೆ. ಈ ಜೋಡಿಗಳನ್ನು ಮನೆಯಲ್ಲಿ ಯಾರೂ ಇಲ್ಲದಾಗ ಒಟ್ಟಿಗೆ ಬಿಡಲೇಬಾರದು, ಎಷ್ಟು ವರ್ಷ ಚೆನ್ನಾಗಿದ್ದರೂ ಸರಿ. ಅಂದಹಾಗೆ, ನಮ್ಮ ಕಾಡಿನ ಗಿಳಿ, ಮೈನಾ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು ಕಾನೂನಿನ ಪ್ರಕಾರ ಅಪರಾಧ.

ನಾಯಿಯ ಔಷಧಿ, ಬೆಕ್ಕಿಗೆ ವಿಷ

ಉಣ್ಣೆಗಳ ಕಾಟವಿರುವ ನಮ್ಮ ಕಡೆ ಇದನ್ನು ಬಿಡಿಸಿ ಹೇಳಲೇಬೇಕು. ನಾಯಿಯ ಉಣ್ಣೆಗೆ ಬಳಸುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಯ ದೇಹ ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಶಕ್ತಿಯಿಲ್ಲ. ಬೆಕ್ಕಿಗೇ ಹಚ್ಚಿದರೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. ಇಷ್ಟು ಕಷ್ಟಪಟ್ಟು ಹೊಂದಿಸಿದ ಬೆಕ್ಕು, ಔಷಧಿ ಹಚ್ಚಿದ ನಾಯಿಗೆ ಒರಗಿ ಮಲಗಿದರೆ, ಅದರ ಮೈ ನೆಕ್ಕಿದರೆ ಸಾಕು. ಮೈ ನಡುಗುವುದು, ಜೊಲ್ಲು ಸುರಿಯುವುದು, ಸೆಳವು ಬರುವುದು ಇದರ ಲಕ್ಷಣ. ಕಂಡ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ. ಔಷಧಿ ಕೊಳ್ಳುವಾಗಲೇ ‘ಮನೆಯಲ್ಲಿ ಬೆಕ್ಕೂ ಇದೆ’ ಎಂದು ಹೇಳಿದರೆ ಎರಡಕ್ಕೂ ಹೊಂದುವುದನ್ನು ಕೊಡುತ್ತಾರೆ. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ಮಾರಕ.

ಜಗಳ ಬಿದ್ದಾಗ

ಕೈ ಹಾಕಿ ಬಿಡಿಸಲು ಹೋಗಬೇಡಿ. ಕಚ್ಚಾಟದ ನಡುವೆ ಯಾರ ಕೈ ಎಂದು ಪ್ರಾಣಿ ನೋಡುವುದಿಲ್ಲ. ದಪ್ಪ ಕಂಬಳಿ ಮೇಲೆಸೆಯಿರಿ, ನಡುವೆ ಹಲಗೆಯನ್ನೋ ಕುರ್ಚಿಯನ್ನೋ ತೂರಿಸಿ, ಪಾತ್ರೆ ಬಡಿದು ಜೋರು ಸದ್ದು ಮಾಡಿ. ಬಿಟ್ಟ ಮೇಲೆ ಎರಡನ್ನೂ ಬೇರೆ ಕೋಣೆಗೆ ಹಾಕಿ. ಆ ದಿನ ಮತ್ತೆ ಮುಖಾಮುಖಿ ಬೇಡ. ಬೆಕ್ಕು ಕಚ್ಚಿದ ಗಾಯ ಮೇಲೆ ಸಣ್ಣ ತೂತಿನಂತೆ ಕಂಡರೂ ಒಳಗೆ ಕೀವಾಗುತ್ತದೆ, ತೋರಿಸಿ.

ನಿಮಗೇ ಕಚ್ಚಿದ್ದರೆ ಅಥವಾ ಪರಚಿದ್ದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿ ಪುಡಿ ಮೆತ್ತಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅಸಾಧ್ಯವೆಂಬಷ್ಟು ವಿರಳ, ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿಕೊಂಡರೆ ತಡೆಯಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಹಲವೆಡೆ ಪಶು ಆಸ್ಪತ್ರೆಗಳಲ್ಲಿ ಪ್ರಾಣಿಗಳಿಗೆ ಉಚಿತ ಲಸಿಕೆ ಹಾಕುತ್ತಾರೆ.

ಎಷ್ಟು ಕಾಲ ಬೇಕು?

ಕೆಲವಕ್ಕೆ ಎರಡು ವಾರ, ಕೆಲವಕ್ಕೆ ಕೆಲವು ತಿಂಗಳು. ಮಳೆಗಾಲಕ್ಕೆ ಎಲ್ಲವನ್ನೂ ಒಳಗೆ ತರಬೇಕೆಂದಿದ್ದರೆ ಏಪ್ರಿಲ್‌ನಲ್ಲೇ ವಾಸನೆಯ ಬಟ್ಟೆ ಅದಲು ಬದಲು ಮಾಡುವ ಕೆಲಸ ಶುರುಮಾಡುವುದು ವಾಸಿ. ಪುತ್ತರಿ ಸುಗ್ಗಿ ಹಬ್ಬದ ಆಸುಪಾಸಿನಲ್ಲಿ ಹೊಸ ಪರಿಚಯ ಬೇಡ. ಕದಿರು ತೆಗೆಯುವಾಗಿನ ಗುಂಡಿನ ಸದ್ದು, ಪಟಾಕಿಗೆ ಬೆದರಿದ ಪ್ರಾಣಿ ತನ್ನ ಗಾಬರಿಯನ್ನು ಪಕ್ಕದಲ್ಲಿರುವ ಪ್ರಾಣಿಯ ಮೇಲೆ ತೀರಿಸಿಕೊಳ್ಳುತ್ತದೆ, ಹಾಗೆ ಹುಟ್ಟಿದ ವೈರ ಬಹಳ ದಿನ ಉಳಿಯುತ್ತದೆ.

ಚೆನ್ನಾಗಿದ್ದ ಜೋಡಿಯಲ್ಲಿ ಒಂದು ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಮೊದಲು ನೋವಿದೆಯೇ ಎಂದು ಪರೀಕ್ಷೆ ಮಾಡಿಸಿ: ಹಲ್ಲು, ಕಿವಿ, ವಯಸ್ಸಾದ ನಾಯಿಯಾದರೆ ಕೀಲು. ಎಷ್ಟು ಪ್ರಯತ್ನಿಸಿದರೂ ಬೆಕ್ಕನ್ನು ಬೇಟೆಯೆಂದೇ ನೋಡುವ ನಾಯಿಗಳೂ ಇವೆ. ಅಂಥ ಮನೆಯಲ್ಲಿ ಪಾಳಿ ಮಾಡಿಕೊಳ್ಳಬೇಕಾಗುತ್ತದೆ: ಬೆಳಗ್ಗೆ ನಾಯಿ ಹೊರಗೆ, ಬೆಕ್ಕು ಕೋಣೆಯಲ್ಲಿ, ಮಧ್ಯಾಹ್ನದ ಮೇಲೆ ಬೆಕ್ಕಿಗೆ ಮನೆ, ನಾಯಿಗೆ ಜಗಲಿ, ರಾತ್ರಿ ಎರಡೂ ಒಳಗೆ, ನಡುವೆ ಚಿಲಕ ಹಾಕಿದ ಎರಡು ಬಾಗಿಲು. ಆ ಎರಡು ಬಾಗಿಲು ಒಂದೇ ಹೊತ್ತಿಗೆ ತೆರೆಯಬಾರದೆಂಬುದು ಮನೆಯ ಮಕ್ಕಳಿಗೂ, ಕೆಲಸಕ್ಕೆ ಬರುವವರಿಗೂ, ಹೋಂಸ್ಟೇ ಇದ್ದರೆ ಅತಿಥಿಗಳಿಗೂ ಗೊತ್ತಿರಬೇಕು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.